ಪಾರ್ಟ್ಸ್‌ಗೆ ದುಡ್ಡಿದೆ, ಕೈಗೆ ಇಲ್ಲ

1/6
ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಗೆಳೆಯರೇ, ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ಐಟಿಐ, ಡಿಪ್ಲೊಮಾ ಮುಗಿಸಿದವರಿಗೆಲ್ಲ ಒಂದೇ ಉಪದೇಶ: "ಊರಲ್ಲೇ ಸ್ವಂತದ್ದು ಏನಾದ್ರೂ ಮಾಡ್ರೋ, ಮೆಷಿನ್ ರಿಪೇರಿಗೆ ಇಲ್ಲಿ ಜನವೇ ಸಿಗಲ್ಲ." ಮಾತು ನಿಜ. ಅಡಿಕೆ ಸುಲಿಯೋ ಯಂತ್ರ, ಔಷಧಿ ಹೊಡೆಯೋ ಪಂಪು, ಕಾಫಿ ಪಲ್ಪರ್, ಕಳೆ ಕೊಚ್ಚೋ ಮೆಷಿನ್, ಬೋರ್‌ವೆಲ್ ಮೋಟಾರ್. ಕೆಲಸಕ್ಕೇನೂ ಬರ ಇಲ್ಲ. ಒಬ್ಬನೇ ನಡೆಸೋ ರಿಪೇರಿ ಶಾಪು ಬಾಗಿಲು ಹಾಕೋದು ಮಾಡಿದ ಕೆಲಸದ ದುಡ್ಡು ಬರದೆ. ಇದನ್ನ ಉಪದೇಶ ಮಾಡೋರು ಹೇಳಲ್ಲ. ಯಾಕಂದ್ರೆ ಕೊಡಬೇಕಾದವರು ಅವರೇ. ನಮ್ಮ ಮನೆಯವರೇ.

2/6
ಸುಲಿಯೋ ಯಂತ್ರದ ಮೋಟಾರ್ 'ಹೂಂ' ಅನ್ನುತ್ತೆ, ತಿರುಗಲ್ಲ. ಗೊತ್ತಿಲ್ಲದವನು "ಸುಟ್ಟಿದೆ, ರಿವೈಂಡಿಂಗ್ ಮಾಡ್ಬೇಕು" ಅಂತಾನೆ. ಗೊತ್ತಿರೋನು ಮೊದಲು ಕೆಪಾಸಿಟರ್ ನೋಡ್ತಾನೆ, ಆಮೇಲೆ ವೋಲ್ಟೇಜ್ ಅಳೀತಾನೆ. 230 ವೋಲ್ಟ್ ಬರಬೇಕಾದಲ್ಲಿ 180 ಬಂದ್ರೆ ಮೋಟಾರಿನ ತಿರುಗುವ ಬಲ ಶೇ. 61ರ ಆಸುಪಾಸಿಗೆ ಇಳಿಯುತ್ತೆ. ಬಲ ಇಳಿಯೋದು ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ. ಲೋಡ್ ಮಾತ್ರ ಅಷ್ಟೇ ಇರುತ್ತೆ, ಹಾಗಾಗಿ ಕರೆಂಟ್ ಜಾಸ್ತಿ ಎಳೆದು ವೈಂಡಿಂಗ್ ಬಿಸಿಯಾಗುತ್ತೆ. ಈ ಕಾರಣ ಹುಡುಕದೆ ಹೊಸ ತಂತಿ ಸುತ್ತಿದ್ರೆ ಅದೂ ಸುಡುತ್ತೆ.

ರಿವೈಂಡಿಂಗ್ ಖರ್ಚು ಉಳಿಸಿದವನಿಗೆ ನಾವು ಕೊಡೋದು ಏನು? ಕೆಪಾಸಿಟರ್ ರೇಟು, ಒಂದು ಲೋಟ ಕಾಫಿ. ಮೇಲೆ ಕೇಳಿದ್ರೆ "ಹತ್ತು ನಿಮಿಷದ ಕೆಲಸಕ್ಕೆ ಅಷ್ಟಾ?" ಹತ್ತು ನಿಮಿಷದಲ್ಲಿ ಮುಗಿಸೋಕೆ ಅವನು ಎಷ್ಟು ವರ್ಷ ಕಲಿತ ಅಂತ ಯಾರೂ ಕೇಳಲ್ಲ.

3/6
ಮಳೆಗಾಲದ ಕಥೆ ಇನ್ನೂ ಚೆಂದ. ಕೊಳೆರೋಗಕ್ಕೆ ಬೋರ್ಡೋ: 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ದ್ರಾವಣಕ್ಕೆ ಚೂರಿ ಅದ್ದಿ, ಕೆಂಪಾದ್ರೆ ಸುಣ್ಣ ಸಾಲದು ಅನ್ನೋದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಚೂರಿಗೆ ಆಗೋದೇ ಪಂಪಿನ ಒಳಗಿನ ಕಬ್ಬಿಣಕ್ಕೂ ಆಗುತ್ತೆ ಅನ್ನೋದು ಮಾತ್ರ ನೆನಪಾಗಲ್ಲ. ಸರಿಯಾಗಿ ಸೋಸದ ಸುಣ್ಣದ ಹರಳು ಸೀಲು, ವಾಲ್ವು ಸವೆಸುತ್ತೆ. ಸಂಜೆ ಐದು ನಿಮಿಷ ಬರೀ ನೀರು ಓಡಿಸಿ ತೊಳೆಯೋಕೂ ಪುರುಸೊತ್ತಿಲ್ಲ.

ಕೊನೆಗೆ ಮಳೆ ಬಿಟ್ಟ ದಿನವೇ ಪಂಪು ನಿಲ್ಲುತ್ತೆ. "ಈಗಲೇ ಬಾ ಮಾರಾಯ" ಅಂತ ಫೋನು. ಕೆರೆಕಟ್ಟೆಗೋ, ಮುತ್ತಿನಕೊಪ್ಪಕ್ಕೋ ಟೂಲ್ ಬ್ಯಾಗ್ ಹೊತ್ತು ಬೈಕಲ್ಲಿ ಹೋಗಬೇಕು. ಆ ದಿನ ಔಷಧಿ ತಪ್ಪಿದ್ರೆ ಫಸಲು ಉದುರುತ್ತೆ. ಅದನ್ನ ಉಳಿಸಿದವನಿಗೆ ಸಿಗೋ ಉತ್ತರ: "ಅಡಿಕೆ ಮಾರಿದ ಮೇಲೆ ಕೊಡ್ತೀನಿ."

4/6
ಜೂನ್‌ನಲ್ಲಿ ಮಾಡಿದ ಕೆಲಸ. ಕೊಯ್ಲು, ಸುಲಿಯೋದು, ಬೇಯಿಸೋದು, ಒಣಗಿಸೋದು, ರೇಟು ಏರಲಿ ಅಂತ ಕಾಯೋದು. ಅಷ್ಟೂ ದಿನ ಅವನು ಬೇರಿಂಗು, ಸೀಲು, ತಾಮ್ರದ ತಂತಿಯನ್ನ ಅಂಗಡಿಯಲ್ಲಿ ರೊಕ್ಕ ಕೊಟ್ಟೇ ತರಬೇಕು. ಅಂದ್ರೆ ನಮ್ಮ ತೋಟಕ್ಕೆ ಬಡ್ಡಿ ಇಲ್ಲದ ಸಾಲ ಕೊಡ್ತಿರೋ ಬ್ಯಾಂಕು ಈ ಇಪ್ಪತ್ಮೂರು ವರ್ಷದ ಹುಡುಗ!

2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣ, ಒಪ್ಪಂದದಲ್ಲಿ ಏನೇ ಬರೆದಿರಲಿ, 45 ದಿನ ಮೀರಬಾರದು. ದೊಡ್ಡ ಕಂಪನಿಗಳಿಗೇ ಇರೋ ಗಡುವು ಅದು. ನಾವು ಅವರಿಗಿಂತ ದೊಡ್ಡವರಾ? ಪೆಟ್ರೋಲ್ ಬಂಕಲ್ಲಿ ನಿಂತು "ಅಡಿಕೆ ಮಾರಿದ ಮೇಲೆ" ಅಂತೀವಾ?

5/6
"ಬೆಳೆಗಾರರ ಕಷ್ಟ ನಿಂಗೇನು ಗೊತ್ತು" ಅಂತ ಕಮೆಂಟ್ ಬರುತ್ತೆ. ಗೊತ್ತು. ಹಳದಿ ಎಲೆ ರೋಗ ಎಷ್ಟೋ ತೋಟ ಖಾಲಿ ಮಾಡಿದೆ, ಈಗ ಎಲೆಚುಕ್ಕಿ ಬೇರೆ. ನಿಜವಾಗಿ ಕೈಲಾಗದವರಿಗೆ ಕಂತು ಮಾಡಿಕೊಡೋಣ. ಆದ್ರೆ ಹೊಸ ಮೆಷಿನ್ ಕೊಂಡು ಸ್ಟೇಟಸ್ ಹಾಕಿ, ರಿಪೇರಿ ಮಾಡಿದವನ ಫೋನ್ ಎತ್ತದವರದ್ದು ಕಷ್ಟ ಅಲ್ಲ, ಅಭ್ಯಾಸ. ಹೀಗೆ ಸತಾಯಿಸಿ ಅವನನ್ನ ಬೆಂಗಳೂರು ಬಸ್ ಹತ್ತಿಸಿ, ಆಮೇಲೆ "ಊರಲ್ಲಿ ಹುಡುಗರೇ ಇಲ್ಲ" ಅಂತ ಗೋಳಾಡೋದೂ ನಾವೇ.

6/6
ಶುರು ಮಾಡೋರಿಗೆ:
• ಕಲೀಬೇಕಾ? ಉಜಿರೆಯ ರುಡ್‌ಸೆಟ್ ಸಂಸ್ಥೆ 1982ರಿಂದ ಸ್ವಂತ ಉದ್ಯೋಗದ ತರಬೇತಿ ಕೊಡ್ತಿದೆ. ವಿಚಾರಿಸಿ.
• ಉದ್ಯಮ್ ನೋಂದಣಿ ಆನ್‌ಲೈನಲ್ಲಿ ಉಚಿತ. ಏಜೆಂಟಿಗೆ ದುಡ್ಡು ಕೊಡಬೇಡಿ.
• ಬಂದು ನೋಡೋದಕ್ಕೇ ಒಂದು ಚಾರ್ಜ್ ಇಡಿ, ಫೋನಲ್ಲೇ ಹೇಳಿ. ಕಿಗ್ಗಾಕ್ಕೆ ಹೋಗಿಬರೋ ಪೆಟ್ರೋಲ್ ಬೇರೆ.
• ಬಿಲ್ಲಲ್ಲಿ ಪಾರ್ಟ್ಸ್ ಒಂದು ಸಾಲು, ಮಜೂರಿ ಇನ್ನೊಂದು ಸಾಲು. ಹಳೇ ಪಾರ್ಟ್ ವಾಪಸ್ ಕೊಡಿ.
• ಹಳೇ ಬಾಕಿ ಇದ್ರೆ ಹೊಸ ಕೆಲಸ ಇಲ್ಲ. ಮಾವನ ಮನೆಯಾದ್ರೂ ಸರಿ.

ಶುರು ಮಾಡದವರಿಗೆ ಒಂದೇ ಕೆಲಸ. ಇವತ್ತು ರಾತ್ರಿ ಊಟಕ್ಕೆ ಕೂತಾಗ ಅಪ್ಪನ್ನ ಕೇಳಿ: "ಪಂಪ್ ರಿಪೇರಿಯವನಿಗೆ ಎಷ್ಟು ಬಾಕಿ ಇದೆ?"

#ಕೊಪ್ಪ #ಶೃಂಗೇರಿ #ಎನ್ಆರ್‌ಪುರ #ಮಲೆನಾಡು #ಬಾಕಿಕೊಡಿ