ಪೈಥಾನಿನಲ್ಲಿ ಹೆಸರು ಬದಲಿಸುವ ಕಷ್ಟ

ಒಮ್ಮೆ ಸರಿಯಾದ ಉತ್ತರ ಕೊಟ್ಟ ಪ್ರೋಗ್ರಾಮನ್ನು ಮತ್ತೆ ಮುಟ್ಟಬಾರದೆಂಬುದು ನಮ್ಮ ಗೆಳೆಯರಲ್ಲಿ ಅನೇಕರ ಮತ. ನಾನೂ ಹಾಗೆಯೇ ತಿಳಿದಿದ್ದೆನು.

ಅರ್ಥಶಾಸ್ತ್ರದ ಸಮೀಕ್ಷೆಗಾಗಿ ನಾನು ಬರೆದ ಪೈಥಾನ್ ಪ್ರೋಗ್ರಾಂ ಪ್ರತಿಯೊಂದು ಮನೆಯ ಕೂಲಿ, ಬೆಳೆ, ಹಾಲು ಈ ಮೂರು ಬಾಬುಗಳ ಆದಾಯವನ್ನು ಕೂಡಿಸುವುದು. ಕಿರಿಯ ತರಗತಿಯವರು ಅದನ್ನು ಕೇಳಿದಾಗ ತೆಗೆದು ಓದಿದೆನು. ಆರು ತಿಂಗಳ ಹಿಂದೆ ನಾನೇ ಬರೆದುದು ನನಗೇ ಅರ್ಥವಾಗಲಿಲ್ಲ, ಕೊಡಲು ನಾಚಿಕೆಯಾಯಿತು.

ಉತ್ತರ ಬದಲಾಗದಂತೆ ಪ್ರೋಗ್ರಾಮಿನ ಕಟ್ಟಣೆಯನ್ನಷ್ಟೇ ತಿದ್ದುವುದಕ್ಕೆ ರಿಫ್ಯಾಕ್ಟರಿಂಗ್ ಎನ್ನುವರು. ಮಾರ್ಟಿನ್ ಫೌಲರ್ 1999ರಲ್ಲಿ ಇದೇ ಹೆಸರಿನ ಗ್ರಂಥ ಬರೆದಿರುವರು. ಅದನ್ನು ನೋಡದೆಯೇ ನಾನು ಕೆಲಸಕ್ಕೆ ಕೈಹಾಕಿ, 'ವೇಜ್' ಎಂದಿದ್ದೆಡೆಯೆಲ್ಲ 'ಡೇಲಿವೇಜ್' ಎಂದು ಒಂದೇ ಏಟಿಗೆ ಬದಲಿಸಿಬಿಟ್ಟೆನು. ಪ್ರೋಗ್ರಾಂ ನಡೆಯಿತು, ತಪ್ಪೆಂಬ ಸೂಚನೆಯೇ ಬರಲಿಲ್ಲ. ಆದರೆ ಕೂಲಿಯವರ ಆದಾಯ ಕುಸಿದಿತ್ತು! ಸಮೀಕ್ಷೆಯ ಪಟ್ಟಿಯಲ್ಲಿ ಆ ಕಾಲಮಿನ ತಲೆಬರಹ ಹಳೆಯ 'ವೇಜ್' ಆಗಿಯೇ ಇದ್ದಿತು. ಪ್ರೋಗ್ರಾಂ ಹೊಸ ಹೆಸರನ್ನು ಹುಡುಕಿ, ಸಿಗದಿದ್ದಾಗ ಸೊನ್ನೆಯೆಂದು ಹಿಡಿಯಿತು. ಹಾಗೆ ಹಿಡಿಯೆಂದು ಹಿಂದೆ ಬರೆದವನು ನಾನೇ. ಹೊಲವುಳ್ಳವರ ಲೆಕ್ಕ ಅಷ್ಟಾಗಿ ಕೆಡಲಿಲ್ಲ, ಕೂಲಿಯವರದೇ ಕೆಟ್ಟಿತು. ನಮ್ಮ ಮನೆಯೂ ಆ ಪಟ್ಟಿಯಲ್ಲಿದ್ದುದರಿಂದ ತಪ್ಪು ಕಣ್ಣಿಗೆ ಬಿದ್ದಿತು.

ಇದಕ್ಕೆ ಒಳ್ಳೆಯ ಉಪಕರಣಗಳಿಲ್ಲವೇ? ಇವೆ. ಪೈಚಾರ್ಮ್ ಇದೆ, ಉಚಿತವಾಗಿ ದೊರೆಯುವ ರೋಪ್ ಇದೆ. ಇವು ಬರಿಯ ಅಕ್ಷರಗಳ ಹೋಲಿಕೆಯನ್ನಲ್ಲದೆ ಭಾಷೆಯ ವ್ಯಾಕರಣವನ್ನು ನೋಡಿ ಹೆಸರನ್ನು ಗುರುತಿಸುವುವು. ಏನೇನು ಬದಲಾಗುವುದೆಂಬುದನ್ನು ಮೊದಲೇ ತೋರಿಸಬಲ್ಲವು. ಉದ್ಧರಣ ಚಿಹ್ನೆಯೊಳಗಿನ ಮಾತನ್ನು ರೋಪ್ ನಾವು ಹೇಳಿದ ಹೊರತು ಮುಟ್ಟುವುದಿಲ್ಲ. ಅಷ್ಟೇ ಇದ್ದಿದ್ದರೂ ನನ್ನ ಮಾನ ಉಳಿಯುತ್ತಿತ್ತು.

ಆದರೂ ಉಪಕರಣವೊಂದಿದ್ದರೆ ಸಾಕೆಂಬ ವಾದವನ್ನು ನಾನು ಒಪ್ಪಲಾರೆ. ಜಾವಾದಲ್ಲಿ ಯಾವ ಹೆಸರು ಯಾವ ಬಗೆಯ ವಸ್ತುವಿನದೆಂದು ಪ್ರೋಗ್ರಾಂ ನಡೆಯುವ ಮೊದಲೇ ನಿಶ್ಚಯವಾಗಿರುವುದು. ಪೈಥಾನಿನಲ್ಲಿ ಅದು ನಡೆಯುವಾಗಲೇ ನಿಶ್ಚಯವಾಗುವುದು. 2015ರ 3.5ನೆಯ ಆವೃತ್ತಿಯಿಂದೀಚೆಗೆ ಬಗೆಯನ್ನು ಬರೆದಿಡುವ ಕ್ರಮ ಬಂದಿದೆಯಾದರೂ ಅದು ಕಡ್ಡಾಯವಲ್ಲ. ಆದುದರಿಂದ ಎಂತಹ ಉಪಕರಣವೂ ಕೆಲವೆಡೆ ಊಹಿಸಲೇಬೇಕು. ಊಹೆ ತಪ್ಪಿದುದನ್ನು ಹೇಳಲು ನಮ್ಮ ಬಳಿ ಬೇರೊಂದು ಸಾಕ್ಷಿ ಬೇಡವೇ?

ಈಗ ಕಿರಿಯರಿಗೆ ಕೊಟ್ಟಿರುವ ಪ್ರತಿಯಲ್ಲಿ ಐದು ಮನೆಗಳ ಆದಾಯವನ್ನು ಕೈಯಿಂದ ಲೆಕ್ಕಮಾಡಿ ಇಟ್ಟಿರುವೆನು. ಒಂದು ಹೆಸರು ಬದಲಿಸಿದರೂ ಪೈಟೆಸ್ಟ್ ಓಡಿಸಿ ತಾಳೆ ನೋಡಬೇಕು. 'ಸಿಗದಿದ್ದರೆ ಸೊನ್ನೆ' ಎಂಬ ಸಾಲನ್ನು ತೆಗೆದುಹಾಕಿದ್ದಾಯಿತು.