ಕಾಲೇಜು ತರುಣರೂ ಊರ ಕಿರಿಯರೂ

ವಿದ್ಯೆಯನ್ನು ಪಡೆದವನು ಅದನ್ನು ತನ್ನ ಹಿಂದೆ ಬರುವವನಿಗೆ ದಾಟಿಸಬೇಕೆಂಬದು ನಮ್ಮ ನಾಡಿನಲ್ಲಿ ಹೊಸ ಮಾತಲ್ಲ. ಆದರೆ ಒಪ್ಪಿದ ಮಾತೆಲ್ಲವೂ ನಡೆಯಲ್ಲಿ ಕಾಣುವದಿಲ್ಲ. ಉತ್ತರ ಕನ್ನಡ ಜಿಲ್ಹೆಯ ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಕಾಲೇಜು ವಿದ್ಯಾರ್ಥಿಗಳು ತಮ್ಮೂರಿನ ಹಾಯಸ್ಕೂಲು ಬಾಲಕ ಬಾಲಿಕೆಯರಿಗೆ ಅಣ್ಣ ಅಕ್ಕಂದಿರಾಗಿ ನಿಂತು ದಾರಿ ತೋರಬೇಕೆಂಬ ವಿಚಾರವನ್ನು ಇಂದು ನಮ್ಮ ವಾಚಕರ ಮುಂದಿಡುತ್ತೇವೆ.

ಒಂದು ಕಾಲಕ್ಕೆ ಈ ಕರಾವಳಿಯ ತರುಣನು ಕಾಲೇಜು ಸೇರಬೇಕಾದರೆ ಘಟ್ಟವನ್ನೇರಿ ಧಾರವಾಡಕ್ಕೋ, ದೂರದ ಪುಣೆ ಮುಂಬಯಿಗಳಿಗೋ ಹೋಗಬೇಕಾಗಿತ್ತು. ಧಾರವಾಡದ ಕರ್ನಾಟಕ ಕಾಲೇಜು ಹುಟ್ಟಿದ್ದೇ 1917ರಲ್ಲಿ. ಇಂದು ಆ ಅಡಚಣಿ ಉಳಿದಿಲ್ಲ. ಕುಮಟೆಯಲ್ಲಿ ಪ್ರಖ್ಯಾತ ಶಸ್ತ್ರವೈದ್ಯ ಡಾ. ಎ. ವಿ. ಬಾಳಿಗಾ ಅವರ ಹೆಸರಿನ ಕಾಲೇಜಿದೆ, ಹೊನ್ನಾವರದಲ್ಲಿ ಎಸ್. ಡಿ. ಎಂ. ಕಾಲೇಜಿದೆ, ಭಟ್ಕಳದಲ್ಲಿ 1919ರಲ್ಲಿ ಸ್ಥಾಪಿತವಾದ ಅಂಜುಮನ್ ಸಂಸ್ಥೆಯ ಕಾಲೇಜುಗಳಿವೆ. ನೆರೆಯ ಅಂಕೋಲೆಯ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಸ್ಥಾಪಿಸಿ ಬಡಮಕ್ಕಳಿಗೆ ಶಾಲೆಯ ಬಾಗಿಲು ತೆರೆದರು. ಹಿರಿಯರು ಬಾಗಿಲನ್ನು ತೆರೆದಿಟ್ಟು ಹೋದರು. ಅದರೊಳಗೆ ಕೈಹಿಡಿದು ಕರೆದೊಯ್ಯುವವರು ಮಾತ್ರ ಸಾಲದಾಗಿದ್ದಾರೆ.

ಇಲ್ಲಿಯ ಬಾಲಕನ ಕಷ್ಟವೇನು? ಮನೆಯಲ್ಲಿ ಅವನಾಡುವದು ಕೊಂಕಣಿ, ನವಾಯತಿ, ಹವಿಗನ್ನಡ ಇಲ್ಲವೆ ಹಾಲಕ್ಕಿ ಒಕ್ಕಲಿಗರ ಕನ್ನಡ. ಶಾಲೆಯಲ್ಲಿ ಓದುವದು ಗ್ರಂಥಸ್ಥ ಕನ್ನಡ. ಹತ್ತನೆಯ ತರಗತಿ ದಾಟಿ ಪಿ.ಯು.ಸಿ. ವಿಜ್ಞಾನಕ್ಕೆ ಸೇರಿದೊಡನೆ ಪುಸ್ತಕವೆಲ್ಲವೂ ಇಂಗ್ಲೀಷು. ಎರಡು ಹೊಳೆಗಳನ್ನು ಈಸಿದವನಿಗೆ ಮೂರನೆಯದರಲ್ಲಿ ಉಸಿರು ಕಟ್ಟುತ್ತದೆ. ಲೆಕ್ಕದಲ್ಲಿ ಜಾಣನಾದವನೂ ಶಬ್ದ ತಿಳಿಯದೆ ಹಿಂದುಳಿದು, ತಾನು ದಡ್ಡನೆಂದೇ ನಂಬಿ, ಪುಸ್ತಕ ಕಟ್ಟಿಟ್ಟು ದೋಣಿಗೋ ಗೋವೆಯ ಕೂಲಿಗೋ ಹೊರಡುತ್ತಾನೆ. ಕಡಲ ಕಸುಬು ಹೀನವೆಂದು ನಾವು ಹೇಳೆವು. ಮನಸಾರೆ ಆರಿಸಿಕೊಂಡು ಹೋಗುವದಕ್ಕೂ ಬೇರೆ ದಾರಿ ಕಾಣದೆ ಹೋಗುವದಕ್ಕೂ ಬಹಳ ಅಂತರವಿದೆ. ಡಿಪ್ಲೊಮಾ ಎಂದರೇನು, ಐ.ಟಿ.ಐ. ಎಂದರೇನು, ವಿದ್ಯಾರ್ಥಿವೇತನಕ್ಕೆ ಅರ್ಜಿಯನ್ನು ಎಂದು ಸಲ್ಲಿಸಬೇಕು ಎಂಬದನ್ನು ಕಾಲೇಜು ಕಾಣದ ತಂದೆತಾಯಿಗಳು ಹೇಗೆ ಹೇಳಿಯಾರು? ನಿನ್ನೆ ಮೊನ್ನೆ ಅದೇ ಹೊಳೆಯನ್ನು ದಾಟಿದ ಊರ ತರುಣನು ಮಾತ್ರ ಹೇಳಬಲ್ಲನು.

ಇದಕ್ಕೆ ಹೊಸ ಕಾಯದೆಯೂ ಬೇಡ, ಹೊಸ ಸಂಘವೂ ಬೇಡ. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ನಿಯಮದಂತೆ ಸ್ವಯಂಸೇವಕನು ವರ್ಷಕ್ಕೆ 120 ತಾಸುಗಳಂತೆ ಎರಡು ವರ್ಷ ಸೇವೆ ಸಲ್ಲಿಸತಕ್ಕದ್ದು. ಏಳು ದಿನಗಳ ಶಿಬಿರದಲ್ಲಿ ರಸ್ತೆ ಗುಡಿಸಿ ಗಿಡ ನೆಡುವದು ಒಳ್ಳೆಯದೇ. ಆದರೆ ಮಗುವಿನ ಸಂಶಯವು ಶಿಬಿರದ ವಾರದಲ್ಲಿಯೇ ಹುಟ್ಟಿ ಅಲ್ಲಿಯೇ ತೀರುವದಿಲ್ಲ. ವಾರಕ್ಕೆ ಎರಡು ತಾಸಿನಂತೆ ನಲವತ್ತು ವಾರ ಕೊಟ್ಟರೆ 80 ತಾಸು; ಇನ್ನೂ 40 ತಾಸು ಬೇರೆ ಸೇವೆಗೆ ಉಳಿಯುತ್ತದೆ. ಒಬ್ಬ ವಿದ್ಯಾರ್ಥಿಗೆ ಇಬ್ಬರು ಮೂವರು ಕಿರಿಯರು ಸಾಕು. ಸ್ಥಳವೂ ಸಿದ್ಧವಿದೆ. 2020ರ ‘ಓದುವ ಬೆಳಕು’ ಕಾರ್ಯಕ್ರಮದಿಂದ ಗ್ರಾಮ ಪಂಚಾಯತಿಯ ಗ್ರಂಥಾಲಯಗಳು ಮಕ್ಕಳಿಗೆ ತೆರೆದುಕೊಂಡಿವೆ. ಕಾಲವನ್ನೂ ಕಡಲೇ ತೋರಿಸುತ್ತದೆ. ಜೂನ್ 1ರಿಂದ ಜುಲೈ 31ರ ವರೆಗಿನ 61 ದಿನ ಯಂತ್ರದೋಣಿಗಳು ದಡದಲ್ಲಿರುವವು. ಆಗ ತಂದೆಯೂ ಮನೆಯಲ್ಲಿ ಸಿಕ್ಕುತ್ತಾನೆ. ಅವನೊಡನೆ ಕುಳಿತು ಮಾತನಾಡದೆ ಮಗನ ಭವಿಷ್ಯವನ್ನು ನಿರ್ಣಯಿಸುವದು ಸಲ್ಲದು.

ಕೆಲವು ಕಟ್ಟಳೆಗಳು ಅವಶ್ಯ. ಭೇಟಿಯು ಸಾರ್ವಜನಿಕ ಸ್ಥಳದಲ್ಲಿ, ಶಿಕ್ಷಕರಿಗೂ ಪಾಲಕರಿಗೂ ತಿಳಿದಂತೆ ನಡೆಯಬೇಕು. ಪಕ್ಷದ ಪ್ರಚಾರಕ್ಕೆ, ಮತದ ಪ್ರಚಾರಕ್ಕೆ ಅಲ್ಲಿ ಎಡೆಯಿರಕೂಡದು. ನಾಲ್ಕು ವಾರ ಬಂದು ಐದನೆಯ ವಾರ ಮರೆತುಬಿಡುವವರು ಮೊದಲೇ ಬಾರದಿರುವದು ಲೇಸು. ಕಾದು ಕುಳಿತ ಮಗುವಿನ ಮನಸ್ಸು ಒಮ್ಮೆ ಮುರಿದರೆ ಮತ್ತೆ ಕೂಡಿಸುವದು ಕಷ್ಟ.

ಇದು ಸರಕಾರದ ಕೆಲಸ, ಶಿಕ್ಷಕರ ಕೆಲಸ ಎಂದು ಕೆಲವರು ಆಕ್ಷೇಪಿಸಬಹುದು. ನಿಜ, ಅವರ ಹೊಣೆಯನ್ನು ಯಾರೂ ಇಳಿಸುತ್ತಿಲ್ಲ. ಆದರೆ ನಲವತ್ತು ಮಕ್ಕಳಿಗೆ ಪಾಠ ಹೇಳುವ ಗುರುವು ಒಬ್ಬನ ಅಳುಕನ್ನು ಎಷ್ಟು ಹೊತ್ತು ಕೇಳಿಯಾನು? ವಿದ್ಯಾರ್ಥಿಗಳಿಗೆ ಸ್ವಂತ ಓದಿನ ಭಾರವೇ ಸಾಕಷ್ಟಿದೆ ಎಂಬ ವಾದವೂ ಇದೆ. ಪರರಿಗೆ ತಿಳಿಸಹೊರಟವನಿಗೆ ತನ್ನ ಅರೆತಿಳಿವು ಮೊದಲು ಗೋಚರಿಸುತ್ತದೆ. ಅದಕ್ಕಿಂತ ದೊಡ್ಡ ಲಾಭ ಯಾವದು? ಕಾಲೇಜುಗಳು ಈ ತಾಸುಗಳನ್ನು ಸೇವೆಯ ಲೆಕ್ಕಕ್ಕೆ ಹಿಡಿದು ಬಸ್ಸಿನ ವೆಚ್ಚವನ್ನಾದರೂ ಕೊಡಲಿ.

ಇನ್ನೊಂದು ಮಾತನ್ನು ಮುಚ್ಚಿಡಲಾರೆವು. 1993ರಲ್ಲಿ ಭಟ್ಕಳವು, 2017ರ ದಶಂಬರದಲ್ಲಿ ಹೊನ್ನಾವರ ಕುಮಟೆಗಳು ಕೋಮುಕಲಹದ ಉರಿಯನ್ನು ಕಂಡಿವೆ. ಅಂಥ ದಿನಗಳಲ್ಲಿ ಗಾಳಿಸುದ್ದಿಗೆ ಮೊದಲು ಬಲಿಬೀಳುವವರು ಕೆಲಸವೂ ಇಲ್ಲದೆ ಕೇಳುವವರೂ ಇಲ್ಲದೆ ತಿರುಗುವ ಹುಡುಗರೇ. ನವಾಯತ ತರುಣನು ಖಾರ್ವಿ ಬಾಲಕನಿಗೆ ಲೆಕ್ಕ ಹೇಳಿಕೊಡಲಿ. ಹವ್ಯಕರ ತರುಣಿಯು ಭಟ್ಕಳದ ಗೊಂಡರ ಬಾಲಿಕೆಗೆ ಇಂಗ್ಲೀಷನ್ನು ಬಿಡಿಸಿ ಹೇಳಲಿ. ವರ್ಷವಿಡೀ ಒಂದೇ ಮಣೆಯ ಮೇಲೆ ಕುಳಿತವರು ಸುದ್ದಿಯೊಂದು ಹಬ್ಬಿದಾಗ ಒಬ್ಬರನ್ನೊಬ್ಬರು ಕೇಳಿ ತಿಳಿಯುವರು. ಶಾಂತಿಸಮಿತಿಯ ಸಭೆಗಳು ಉರಿ ಎದ್ದ ಮೇಲೆ ಕೂಡುತ್ತವೆ. ಈ ಕೆಲಸವು ಅದಕ್ಕೂ ಮುಂಚೆ ಆಗತಕ್ಕದ್ದು.

ತರುಣರೇ, ನಿಮ್ಮಲ್ಲಿ ಎಷ್ಟೋ ಜನ ನಿಮ್ಮ ಮನೆಯಲ್ಲಿ ಕಾಲೇಜು ಕಂಡವರಲ್ಲಿ ಮೊದಲಿಗರು. ನೀವೇ ಕೊನೆಯವರೂ ಆಗಬೇಡಿರಿ. ಬರುವ ಜೂನಿನ ಮೊದಲ ರವಿವಾರ ನಿಮ್ಮೂರಿನ ಗ್ರಂಥಾಲಯಕ್ಕೆ ಹೋಗಿ ಇಬ್ಬರು ಮಕ್ಕಳ ಹೆಸರು ಕೇಳಿರಿ. ಅಷ್ಟರಿಂದಲೇ ಕಾರ್ಯವು ಆರಂಭವಾಗುವದು.