ಜುಲೈಖಾ ಎಂಬ ಹೆಸರು ಎಲ್ಲಿಂದ ಬಂತು?

ಧರ್ಮಗ್ರಂಥಗಳ ಕಥೆಗಳನ್ನು ಸಾಹಿತಿಯು ತನ್ನ ಕಲ್ಪನೆಯಿಂದ ಬೆಳೆಸಬಹುದೇ ಎಂದು ಯಾರಾದರೂ ಕೇಳಿದರೆ ನಮ್ಮ ಸಮುದಾಯದ ಉತ್ತರ ಸಿದ್ಧವಾಗಿರುತ್ತದೆ: ಕೂಡದು. ಆದರೆ ಆ ಕೆಲಸ ನಮ್ಮ ಅಂಗಳದಲ್ಲಿಯೇ ಶತಮಾನಗಳಿಂದ ನಡೆದುಬಂದಿದೆ ಎಂಬುದನ್ನು ನಾವು ಗಮನಿಸಿಲ್ಲ.

ಮೊಹರಂ ರಾತ್ರಿಗಳಲ್ಲಿ ಜಮಖಂಡಿ, ಮುಧೋಳ, ಬೀಳಗಿ ಸೀಮೆಯ ಊರುಗಳಲ್ಲಿ ರಿವಾಯತ್ ಪದಗಳು ಕೇಳಿಬರುತ್ತವೆ. ಹಿಂದೂ-ಮುಸ್ಲಿಮರೆನ್ನದೆ ಹಾಡುತ್ತಾರೆ. (ಪಂಜಾ ಕೂರಿಸುವ ಆಚರಣೆಯನ್ನು ಈ ಪತ್ರಿಕೆ ಒಪ್ಪುವುದಿಲ್ಲ, ಅದು ಬೇರೆ ಮಾತು.) ದಖ್ಖನಿನ ಮೊಹರಂ ಪರಂಪರೆಯಲ್ಲಿ ಹಝ್ರತ್ ಹಸನ್(ರ)ರ ಪುತ್ರ ಖಾಸಿಮರು ಕರ್ಬಲಾದ ರಣರಂಗದಲ್ಲಿಯೇ ಮದುಮಗನಾಗುತ್ತಾರೆ. ಕೇಳುವವರ ಕಣ್ಣು ತೇವಗೊಳ್ಳುತ್ತದೆ. ಕರ್ಬಲಾ ಘಟನೆ ನಡೆದದ್ದು ಕ್ರಿ.ಶ. 680ರಲ್ಲಿ. ಪ್ರಾಚೀನ ಇತಿಹಾಸ ಗ್ರಂಥಗಳಲ್ಲಿ ಈ ಮದುವೆಯಿಲ್ಲ. ಅದನ್ನು ಪ್ರಚುರಗೊಳಿಸಿದ್ದು 1502ರ ಸುಮಾರಿಗೆ ಹುಸೈನ್ ವಾಇಝ್ ಕಾಶಿಫಿ ಬರೆದ ಪಾರ್ಸಿ ಗ್ರಂಥ. ಎಂಟು ಶತಮಾನಗಳ ಬಳಿಕ ಬಂದ ಮದುವೆಯನ್ನು ನಾವು ಇತಿಹಾಸವೆಂದು ನಂಬಿದೆವು.

ಇನ್ನು ಯೂಸುಫ್(ಅ)ರ ವೃತ್ತಾಂತ. ಬೈಬಲಿನ ಆದಿಕಾಂಡವೂ ಕುರ್‌ಆನಿನ ಹನ್ನೆರಡನೆಯ ಅಧ್ಯಾಯವೂ ಇದನ್ನು ಹೇಳುತ್ತವೆ. ಈಜಿಪ್ಟಿನ ಅಧಿಕಾರಿಯ ಪತ್ನಿಯ ಹೆಸರು ಎರಡರಲ್ಲಿಯೂ ಇಲ್ಲ. ಜುಲೈಖಾ ಎಂಬ ಹೆಸರು ಜನಮನದಲ್ಲಿ ನೆಲೆಸಿದ್ದು ಕಥೆಗಾರರಿಂದ, ಕವಿಗಳಿಂದ, ವಿಶೇಷವಾಗಿ 15ನೆಯ ಶತಮಾನದ ಜಾಮಿಯ ಕಾವ್ಯದಿಂದ. ಅವಳು ಮರಳಿ ಯೌವನ ಪಡೆದು ಯೂಸುಫರನ್ನು ವರಿಸಿದಳೆಂಬ ಭಾಗವೂ ಕುರ್‌ಆನಿನಲ್ಲಿಲ್ಲ. ಇರಾನಿನಲ್ಲಿ 2008ರಲ್ಲಿ ಪ್ರಸಾರವಾದ ಯೂಸುಫ್ ಧಾರಾವಾಹಿ ಉರ್ದುವಿಗೆ ಡಬ್ ಆಗಿ ನಮ್ಮ ಮನೆಗಳಿಗೂ ಬಂತು. ಮಗುವು ಅದನ್ನು ನೋಡಿ, ಇದೆಲ್ಲ ಕುರ್‌ಆನಿನಲ್ಲಿದೆಯೇ ಎಂದು ಕೇಳಿದರೆ ಉತ್ತರಿಸಬಲ್ಲ ತಂದೆ-ತಾಯಿ ಎಷ್ಟು ಮಂದಿ? 111 ಸೂಕ್ತಗಳ ಆ ಅಧ್ಯಾಯವನ್ನು ಅರ್ಥಸಹಿತ ಓದಲು ಒಂದು ಗಂಟೆಯೂ ಬೇಡ.

ಮದ್ರಸದಲ್ಲಿ ನಮಗೆ ತಫ್ಸೀರ್ ಕಲಿಸಿದ ಉಸ್ತಾದರಿಗೆ ಒಂದು ಅಭ್ಯಾಸವಿತ್ತು. ಬನೀ ಇಸ್ರಾಈಲರಿಂದ ಬಂದ ಕಥೆಗಳನ್ನು ಹೇಳುವಾಗ ಗ್ರಂಥವನ್ನು ಮುಚ್ಚಿ ಬದಿಗಿಡುತ್ತಿದ್ದರು. ಕಥೆ ಮುಗಿದ ಮೇಲೆಯೇ ಮತ್ತೆ ತೆರೆಯುತ್ತಿದ್ದರು. ಕಥೆ ಹೇಳಬಾರದೆಂದು ಅವರು ಒಮ್ಮೆಯೂ ಹೇಳಲಿಲ್ಲ. ಬನೀ ಇಸ್ರಾಈಲರ ಕಥನಗಳನ್ನು ಉದ್ಧರಿಸಲು ಅಡ್ಡಿಯಿಲ್ಲವೆಂದ ಪ್ರವಾದಿ(ಸ)ಯವರು ಅದೇ ಉಸಿರಿನಲ್ಲಿ ತಮ್ಮ ಹೆಸರಿನಲ್ಲಿ ಸುಳ್ಳು ಹೇಳುವವರನ್ನು ಎಚ್ಚರಿಸಿದ್ದರು. 14ನೆಯ ಶತಮಾನದ ಇಬ್ನ್ ಕಸೀರ್ ತಮ್ಮ ವ್ಯಾಖ್ಯಾನದಲ್ಲಿ ಇಂತಹ ಕಥನಗಳನ್ನು ಸೋಸಿ ನೋಡಿದ್ದೂ ಇದೇ ಕಾರಣಕ್ಕೆ.

ಈ ವಿವೇಚನೆ ನಮ್ಮ ನೆಲಕ್ಕೂ ಹೊಸತಲ್ಲ. ಹತ್ತನೆಯ ಶತಮಾನದಲ್ಲಿ ಮುಧೋಳದಲ್ಲಿ ಜನಿಸಿದ ರನ್ನನು ಜೈನನಾಗಿದ್ದು ಮಹಾಭಾರತದ ಕಥೆಯನ್ನೆತ್ತಿಕೊಂಡು ಗದಾಯುದ್ಧ ರಚಿಸಿದನು. ಹೆಣಗಳ ನಡುವೆ ದುರ್ಯೋಧನನನ್ನು ನಡೆಸಿ ಶತ್ರುವಿಗಾಗಿಯೂ ಓದುಗರು ಮರುಗುವಂತೆ ಮಾಡಿದನು. ತನ್ನ ಧರ್ಮದ ತೀರ್ಥಂಕರರ ಚರಿತೆಗೆ ಅಜಿತಪುರಾಣವೆಂಬ ಬೇರೆಯೇ ಗ್ರಂಥ ಬರೆದನು. ಲೌಕಿಕ ಕಾವ್ಯ ಬೇರೆ, ಆಗಮಿಕ ಕಾವ್ಯ ಬೇರೆ ಎಂಬ ಅರಿವು ಆ ಕವಿಗಳಿಗಿತ್ತು. ಬೈಬಲಿನ ವಿಷಯಕ್ಕೇ ಬಂದರೆ, ಮಂಜೇಶ್ವರದ ಗೋವಿಂದ ಪೈಯವರು ಯೇಸುವಿನ ಕೊನೆಯ ದಿನವನ್ನು ಕುರಿತು ಗೊಲ್ಗೊಥಾ ಬರೆದರು. ಕ್ರೈಸ್ತರಲ್ಲದ ಕವಿಯ ಆ ಕಾವ್ಯವನ್ನು ಯಾರೂ ಐದನೆಯ ಸುವಾರ್ತೆಯೆಂದು ತಿಳಿಯಲಿಲ್ಲ. ಅದು ಕಾವ್ಯವೆಂದೇ ಉಳಿಯಿತು. ಶಿಲುಬೆಯ ವಿಷಯದಲ್ಲಿ ನಮ್ಮ ನಂಬಿಕೆ ಭಿನ್ನ. ಆದರೂ ಅದನ್ನು ಓದಿದಾಗ ನಮ್ಮ ಈಮಾನಿಗೆ ಏನೂ ಆಗಲಿಲ್ಲ.

ಓದದೆಯೇ ಸಿಟ್ಟಾದಾಗ ಏನಾಗುತ್ತದೆಂಬುದಕ್ಕೆ 1986ರ ಡಿಸೆಂಬರ್ ಸಾಕ್ಷಿ. ಬೆಂಗಳೂರಿನ ಇಂಗ್ಲಿಷ್ ದಿನಪತ್ರಿಕೆಯೊಂದರಲ್ಲಿ ಮಲಯಾಳಂನಿಂದ ಅನುವಾದಗೊಂಡ ಕಥೆ ಪ್ರಕಟವಾಯಿತು. ಶೀರ್ಷಿಕೆಯಲ್ಲಿ ಪ್ರವಾದಿ(ಸ)ಯವರ ಹೆಸರಿನ ಜೊತೆಗೆ ನೋಯಿಸುವ ಪದವೊಂದಿತ್ತು. ಕಥೆಯಾದರೋ ಅದೇ ಹೆಸರಿನ ಒಬ್ಬ ಪಾಪದ ಹುಡುಗನದು. ಸಂಪಾದಕರ ಅಜಾಗ್ರತೆಯನ್ನು ನಾವು ಕ್ಷಮಿಸುವುದಿಲ್ಲ. ಆದರೆ ಗಲಭೆಯಲ್ಲಿ ಹತ್ತಕ್ಕೂ ಹೆಚ್ಚು ಜೀವಗಳು ಹೋದವು. 2013ರಲ್ಲಿ ಗಣೇಶನ ಕಥೆಯನ್ನು ಕಲ್ಪಿಸಿ ಬರೆದ 'ಢುಂಢಿ' ಕಾದಂಬರಿಗಾಗಿ ಯೋಗೇಶ್ ಮಾಸ್ಟರ್ ಬಂಧಿತರಾದಾಗ ನಮ್ಮವರು ಸುಮ್ಮನಿದ್ದರು. ಇನ್ನೊಬ್ಬರ ಲೇಖಕ ಜೈಲಿಗೆ ಹೋದಾಗ ಮೌನ, ನಮ್ಮ ವಿಷಯ ಬಂದಾಗ ಬೀದಿ: ಇದು ನ್ಯಾಯವೇ?

ನಮ್ಮ ನಿಲುವು ಇಷ್ಟು. ಮುಸ್ಲಿಮ್ ಲೇಖಕನು ಪ್ರವಾದಿಗಳ ಬಾಯಲ್ಲಿ ತನ್ನ ಮಾತನ್ನು ಇಡಬಾರದು. ಇದು ನಾವು ನಮಗೆ ಹಾಕಿಕೊಂಡ ಕಟ್ಟುಪಾಡು. ಪೊಲೀಸರ ಮೂಲಕ ಇತರರ ಮೇಲೆ ಹೇರುವಂಥದ್ದಲ್ಲ. ಇತರರು ಬರೆಯಲಿ, ಕಾದಂಬರಿಯನ್ನು ಕಾದಂಬರಿಯೆಂದೇ ಕರೆಯಲಿ. ಅವಹೇಳನವಿದ್ದರೆ ಲೇಖನಿಯಿಂದಲೇ ಉತ್ತರಿಸೋಣ, ಆದರೆ ಪುಸ್ತಕವನ್ನು ಪೂರ್ತಿ ಓದಿದ ಮೇಲೆ.

ಕುರ್‌ಆನಿನ ಕನ್ನಡ ಅನುವಾದಗಳು ಲಭ್ಯವಿವೆ. ರಬಕವಿ-ಬನಹಟ್ಟಿಯ ನೇಕಾರ ಮನೆಯಿರಲಿ, ಜಮಖಂಡಿಯ ವ್ಯಾಪಾರಿಯ ಮನೆಯಿರಲಿ, ಈ ಶುಕ್ರವಾರ ಮಕ್ಕಳನ್ನು ಕೂರಿಸಿಕೊಂಡು ಯೂಸುಫ್ ಅಧ್ಯಾಯವನ್ನು ಓದಿರಿ. ಧಾರಾವಾಹಿ ಆಮೇಲೆ ನೋಡಬಹುದು.